ಹಳೆಯ ಕಂಪ್ಯೂಟರ್: ತೂಕಕ್ಕಿಂತ ಬಿಡಿಭಾಗಕ್ಕೇ ಬೆಲೆ
ಬೆಂಗಳೂರು: ಕೊಂಡ ಬೆಲೆಯಲ್ಲಿ ವರ್ಷಕ್ಕಿಷ್ಟು ಎಂದು ಕಳೆಯುತ್ತ ಹೋದರೆ ಹಳೆಯ ಕಂಪ್ಯೂಟರ್‌ನ ಮರುಮಾರಾಟ ಮೌಲ್ಯ ದೊರೆಯುತ್ತದೆ ಎಂಬುದು ಬಹುಕಾಲದ ನಂಬಿಕೆ. 2025ರ ಎರಡು ಬೆಳವಣಿಗೆಗಳು ಈ ಲೆಕ್ಕವನ್ನು ತಲೆಕೆಳಗು ಮಾಡಿವೆ.

ಆ ವರ್ಷದ ಅಕ್ಟೋಬರ್ 14ರಂದು ಮೈಕ್ರೋಸಾಫ್ಟ್, ವಿಂಡೋಸ್ 10ಕ್ಕೆ ನೀಡುತ್ತಿದ್ದ ಸಾಮಾನ್ಯ ಬೆಂಬಲವನ್ನು ಕೊನೆಗೊಳಿಸಿತು. ಇಂಟೆಲ್‌ನ ಎಂಟನೇ ಪೀಳಿಗೆಗಿಂತ ಹಿಂದಿನ ಬಹುತೇಕ ಪ್ರೊಸೆಸರ್‌ಗಳಿಗೆ ವಿಂಡೋಸ್ 11ರ ಮಾನ್ಯತೆ ಇಲ್ಲ. ಸುಸ್ಥಿತಿಯಲ್ಲಿರುವ ಏಳನೇ ಪೀಳಿಗೆಯ ಯಂತ್ರಕ್ಕೂ ಬೇಡಿಕೆ ಕುಗ್ಗುವುದು ಇದರಿಂದ ಸಹಜ.

ಎರಡನೆಯ ಬೆಳವಣಿಗೆ ಇದಕ್ಕೆ ತದ್ವಿರುದ್ಧ. ಚಿಪ್ ತಯಾರಕರು ಕೃತಕ ಬುದ್ಧಿಮತ್ತೆಯ ದತ್ತಾಂಶ ಕೇಂದ್ರಗಳತ್ತ ವಾಲಿದ ಪರಿಣಾಮ ವರ್ಷಾಂತ್ಯದಲ್ಲಿ ಮೆಮೊರಿ ಬೆಲೆ ಗಗನಕ್ಕೇರಿತು. ಮೈಕ್ರಾನ್ ಕಂಪನಿ ತನ್ನ ‘ಕ್ರೂಷಿಯಲ್’ ಗ್ರಾಹಕ ವಹಿವಾಟಿನಿಂದ ಹಿಂದೆ ಸರಿಯುವುದಾಗಿ ಡಿಸೆಂಬರ್‌ನಲ್ಲಿ ಪ್ರಕಟಿಸಿತು. ಹೀಗೆ, ಯಂತ್ರದ ಬೆಲೆ ಇಳಿದರೂ ಅದರೊಳಗಿನ ಡಿಡಿಆರ್4 ರ‍್ಯಾಮ್‌ನ ಬೆಲೆ ಏರಿತು.

ಆದ್ದರಿಂದ ಇಡೀ ಯಂತ್ರವನ್ನು ತೂಕದ ಲೆಕ್ಕದಲ್ಲಿ ಗುಜರಿಗೆ ಹಾಕುವ ಮುನ್ನ ರ‍್ಯಾಮ್, ಎಸ್‌ಎಸ್‌ಡಿ, ಗ್ರಾಫಿಕ್ಸ್ ಕಾರ್ಡ್‌ಗಳ ಮಾದರಿ, ಸಾಮರ್ಥ್ಯ ಮತ್ತು ಸ್ಥಿತಿಯನ್ನು ಪಟ್ಟಿ ಮಾಡುವುದು ಲೇಸು. ಅಂತರ್ಜಾಲದಲ್ಲಿ ಮಾರುವವರು ಕೇಳುವ ಬೆಲೆಗಿಂತ, ಎಸ್.ಪಿ. ರಸ್ತೆಯಂತಹ ಮಾರುಕಟ್ಟೆಯ ಎರಡು ಮೂರು ಅಂಗಡಿಗಳು ಕೊಡಲೊಪ್ಪುವ ಬೆಲೆಯೇ ನಿಜವಾದ ಅಳತೆಗೋಲು.

ಹಾರ್ಡ್ ಡಿಸ್ಕ್ ಮಾತ್ರ ಈ ಲೆಕ್ಕಕ್ಕೆ ಹೊರತು. ಕಡತಗಳನ್ನು ಅಳಿಸಿದ ಮಾತ್ರಕ್ಕೆ ಮಾಹಿತಿ ನಾಶವಾಗದು. ನೂರಾರು ರೂಪಾಯಿಯ ಆಸೆಗೆ ಬ್ಯಾಂಕ್ ದಾಖಲೆಗಳು ಪರರ ಪಾಲಾದರೆ ನಷ್ಟ ಯಾರದ್ದು? ಮಾರಲಾಗದ್ದನ್ನು, 2023ರ ಏಪ್ರಿಲ್ 1ರಿಂದ ಜಾರಿಯಾದ ಇ-ತ್ಯಾಜ್ಯ ನಿಯಮಗಳಡಿ ನೋಂದಾಯಿತವಾದ ಮರುಸಂಸ್ಕರಣಾ ಘಟಕಕ್ಕೆ ಒಪ್ಪಿಸುವುದೇ ವಿವೇಕ.