ಜಾಲತಾಣದಲ್ಲಿ ಲೆಕ್ಕಪರಿಶೋಧಕರು: ಪ್ರಚಾರ ಬೇಡ, ತಿಳಿವಳಿಕೆ ಬೇಕು

2025ರ ಜುಲೈ ತಿಂಗಳನ್ನು ನಮ್ಮ ಜಿಲ್ಲೆಯ ವರ್ತಕ ಬಾಂಧವರು ಬೇಗ ಮರೆಯಲಾರರು. ಯುಪಿಐ ಮೂಲಕ ಬಂದ ಹಣದ ಲೆಕ್ಕವನ್ನು ಆಧರಿಸಿ ವಾಣಿಜ್ಯ ತೆರಿಗೆ ಇಲಾಖೆಯು ರಾಜ್ಯದ ಸಾವಿರಾರು ಸಣ್ಣ ವ್ಯಾಪಾರಿಗಳಿಗೆ ನೋಟಿಸು ನೀಡಿತು. ಹಾವೇರಿಯ ಒಬ್ಬ ತರಕಾರಿ ವ್ಯಾಪಾರಿಗೆ ನಾಲ್ಕು ವರ್ಷಗಳ 1.63 ಕೋಟಿ ರೂಪಾಯಿ ಜಮೆಗೆ ಪ್ರತಿಯಾಗಿ 29 ಲಕ್ಷ ರೂಪಾಯಿ ತೆರಿಗೆ ಕೇಳಿದ ಸುದ್ದಿ ದೇಶದಾದ್ಯಂತ ಪ್ರಕಟವಾಯಿತು. ತಾಜಾ ತರಕಾರಿಗೆ ಜಿ.ಎಸ್.ಟಿ.ಯಿಂದ ವಿನಾಯಿತಿ ಇದೆ. ಅಂಥ ವಿನಾಯಿತಿಯುಳ್ಳ ಸರಕುಗಳ ಹಳೆಯ ಬಾಕಿ ವಸೂಲಿ ಮಾಡುವುದಿಲ್ಲವೆಂದು ಮುಖ್ಯಮಂತ್ರಿಗಳು ಜುಲೈ 23ರಂದು ಭರವಸೆ ನೀಡುವವರೆಗೂ ಆತಂಕ ತಣ್ಣಗಾಗಲಿಲ್ಲ.

ಆ ದಿನಗಳಲ್ಲಿ ನನ್ನ ಮನಸ್ಸನ್ನು ಹೆಚ್ಚು ಕಲಕಿದ್ದು ನೋಟಿಸುಗಳಲ್ಲ, ಮೊಬೈಲುಗಳಲ್ಲಿ ಹರಿದಾಡಿದ ಸಲಹೆಗಳು. "ಕ್ಯೂಆರ್ ಕೋಡ್ ಕಿತ್ತುಹಾಕಿ, ನಗದು ತೆಗೆದುಕೊಂಡರೆ ತೆರಿಗೆಯೇ ಇಲ್ಲ" ಎಂಬುದು ಅವುಗಳ ಸಾರಾಂಶ. ಇದು ಶುದ್ಧ ತಪ್ಪು. ಕಾನೂನು ನೋಡುವುದು ವಹಿವಾಟಿನ ಮೊತ್ತವನ್ನೇ ಹೊರತು ಹಣ ಬಂದ ದಾರಿಯನ್ನಲ್ಲ. ಸರಕು ಮಾತ್ರ ಮಾರುವವರಿಗೆ ವರ್ಷಕ್ಕೆ 40 ಲಕ್ಷ, ಸೇವೆ ಒದಗಿಸುವವರಿಗೆ 20 ಲಕ್ಷ ರೂಪಾಯಿ ಮೀರಿದರೆ ನೋಂದಣಿ ಬೇಕು. ಕೇವಲ ವಿನಾಯಿತಿಯ ಸರಕು ಮಾರುವವರಿಗೆ ನೋಂದಣಿಯೇ ಬೇಕಿಲ್ಲ. ನೋಂದಣಿ ಪಡೆದ ಸಣ್ಣ ವ್ಯಾಪಾರಿಗೆ 1.5 ಕೋಟಿಯವರೆಗೆ ಶೇಕಡಾ 1ರ ರಾಜಿ ತೆರಿಗೆಯ ಅನುಕೂಲವೂ ಇದೆ. ಕೈಸಾಲ, ಮನೆಯವರ ಹಣ ಇವು ಖಾತೆಗೆ ಜಮೆಯಾದರೂ ವಹಿವಾಟಾಗುವುದಿಲ್ಲ. ಈ ನಾಲ್ಕು ಮಾತುಗಳನ್ನು ಹೇಳಲು ಐದು ನಿಮಿಷ ಸಾಕು. ನಮ್ಮ ಭಾಗದಲ್ಲಿ ನಮ್ಮ ವೃತ್ತಿಯವರು ಎಷ್ಟು ಮಂದಿ ಅದನ್ನು ಕನ್ನಡದಲ್ಲಿ, ಬಹಿರಂಗವಾಗಿ ಹೇಳಿದೆವು? ನಾನಂತೂ ಹೇಳಲಿಲ್ಲ.

ಇದರ ಬೆಲೆ ನನಗೆ ತಿಳಿದದ್ದು ಕೆಲವು ತಿಂಗಳ ನಂತರ. ಹಿರೇಕೆರೂರು ತಾಲ್ಲೂಕಿನ ಅಬಲೂರು ಕಡೆಯ ಕಿರಾಣಿ ವ್ಯಾಪಾರಿಯೊಬ್ಬರು ನನ್ನ ಕಚೇರಿಗೆ ಬಂದರು. ಅವರ ವಾರ್ಷಿಕ ವಹಿವಾಟು 30 ಲಕ್ಷ ದಾಟಿರಲಿಲ್ಲ, ನೋಟಿಸೂ ಬಂದಿರಲಿಲ್ಲ. ಆದರೂ ಒಂದು ವಿಡಿಯೊ ನೋಡಿ ಯುಪಿಐ ನಿಲ್ಲಿಸಿಬಿಟ್ಟಿದ್ದರು. ಗಿರಾಕಿಗಳು ಪಕ್ಕದ ಅಂಗಡಿಗೆ ಹೋದರು. ಸಾಲದ ಮಿತಿ ಹೆಚ್ಚಿಸಲು ಅರ್ಜಿ ಹಾಕಿದಾಗ ಬ್ಯಾಂಕಿನವರು ಖಾತೆಯ ಜಮೆ ಕುಸಿದಿರುವುದನ್ನು ತೋರಿಸಿ ನಿರಾಕರಿಸಿದರು. ಎಲ್ಲವನ್ನೂ ವಿವರಿಸಿದ ಮೇಲೆ ಅವರು ಒಂದೇ ಮಾತು ಕೇಳಿದರು: "ಸಾಹೇಬರ, ವಿಡಿಯೋದಾಂವ ಹೇಳಿದ, ಕೇಳಿದೆ. ನೀವ್ಯಾಕ ಆಗ ಹೇಳಲಿಲ್ರಿ?" ನನ್ನಲ್ಲಿ ಉತ್ತರವಿರಲಿಲ್ಲ.

ನಾವು ಸಾಮಾನ್ಯವಾಗಿ ಕೊಡುವ ಉತ್ತರವೆಂದರೆ ಕಾಯಿದೆಯದು. 1949ರ ಚಾರ್ಟರ್ಡ್ ಅಕೌಂಟೆಂಟ್ಸ್ ಕಾಯಿದೆಯ ಮೊದಲನೆಯ ಅನುಸೂಚಿಯ 6ನೆಯ ಖಂಡವು ಜಾಹೀರಾತು, ಸುತ್ತೋಲೆ ಮುಂತಾದವುಗಳ ಮೂಲಕ ಕೆಲಸ ಕೋರುವುದನ್ನು ವೃತ್ತಿ ದುರ್ನಡತೆಯೆಂದು ಪರಿಗಣಿಸುತ್ತದೆ. ಈ ನಿರ್ಬಂಧವನ್ನು ನಾನು ಗೌರವಿಸುತ್ತೇನೆ. ಲೆಕ್ಕ ಪರಿಶೋಧಿಸಬೇಕಾದವನೇ ಗಿರಾಕಿಯ ಬಾಗಿಲಲ್ಲಿ ಕೆಲಸಕ್ಕಾಗಿ ನಿಂತರೆ, ನಾಳೆ ಅವನ ಸಹಿಯನ್ನು ಬ್ಯಾಂಕಾಗಲಿ ಸರ್ಕಾರವಾಗಲಿ ಏಕೆ ನಂಬಬೇಕು? ಆದರೆ ಕಾಯಿದೆ ನಿಷೇಧಿಸಿರುವುದು ಕೆಲಸ ಬೇಡುವುದನ್ನು, ತಿಳಿವಳಿಕೆ ನೀಡುವುದನ್ನಲ್ಲ. ಶೈಕ್ಷಣಿಕ ವಿಡಿಯೊಗಳಿಗೆ ನಮ್ಮ ಸಂಸ್ಥೆಯ ನೈತಿಕ ಮಾನದಂಡ ಮಂಡಳಿಯು ಅವಕಾಶವನ್ನೇ ಕೊಟ್ಟಿತು. ಅದರಲ್ಲಿ ಫರ್ಮಿನ ಹೆಸರು, ಸಂಪರ್ಕ ವಿವರ ಇರಬಾರದೆಂದು ಷರತ್ತು ವಿಧಿಸಿತು. ಮಾರ್ಗಸೂಚಿಗಳು ಕಾಲಕಾಲಕ್ಕೆ ಪರಿಷ್ಕರಣೆಗೊಳ್ಳುತ್ತವೆ, ಪ್ರತಿಯೊಬ್ಬರೂ ಅವುಗಳನ್ನು ಓದಿಕೊಳ್ಳಬೇಕು. ಆದರೆ ಕಾಯಿದೆಯ ನೆಪದಲ್ಲಿ ಬಾಯಿ ಮುಚ್ಚಿ ಕುಳಿತದ್ದು ನಮ್ಮ ಸೋಮಾರಿತನವೇ ಹೊರತು ನೀತಿಯಲ್ಲ.

ಹೂಡಿಕೆ ಸಲಹೆಯ ವಿಷಯದಲ್ಲಿ ಅಪಾಯ ಇನ್ನೂ ದೊಡ್ಡದು. ಮೆಣಸಿನಕಾಯಿ, ಹತ್ತಿ, ಗೋವಿನಜೋಳದ ಹಂಗಾಮು ಮುಗಿದು ಕೈಯಲ್ಲಿ ಹಣ ಆಡುವ ಹೊತ್ತಿಗೆ ಸರಿಯಾಗಿ "ತಿಂಗಳಿಗೆ ದುಪ್ಪಟ್ಟು" ಎನ್ನುವ ವಾಟ್ಸ್ಆ್ಯಪ್ ಗುಂಪುಗಳು ನಮ್ಮ ವರ್ತಕರನ್ನು ಹುಡುಕಿಕೊಂಡು ಬರುತ್ತವೆ. ನೋಂದಣಿಯಿಲ್ಲದೆ ಸಲಹೆ ಕೊಡುವವರೊಡನೆ ಅಥವಾ ಲಾಭದ ಭರವಸೆ ನೀಡುವವರೊಡನೆ ನೋಂದಾಯಿತ ಸಂಸ್ಥೆಗಳು ವ್ಯವಹಾರ ಸಂಬಂಧ ಇಟ್ಟುಕೊಳ್ಳಬಾರದೆಂದು ಸೆಬಿ 2024ರ ಆಗಸ್ಟ್‌ನಲ್ಲಿ ನಿಯಮ ತಿದ್ದಿತು. ಆದರೆ ಮುಂಬಯಿಯಲ್ಲಿ ಮಾಡಿದ ನಿಯಮ ರಟ್ಟೀಹಳ್ಳಿಯ ಅಂಗಡಿಯ ಗಲ್ಲಾಪೆಟ್ಟಿಗೆಯನ್ನು ತಾನಾಗಿಯೇ ಕಾಯುವುದಿಲ್ಲ.

ಆದ್ದರಿಂದ ವರ್ತಕ ಬಾಂಧವರು ಕೆಲವು ಎಚ್ಚರಿಕೆ ವಹಿಸಬೇಕೆಂದು ಕೋರುತ್ತೇನೆ. ಹೂಡಿಕೆ ಸಲಹೆ ಕೊಡುವವರನ್ನು ಸೆಬಿ ನೋಂದಣಿ ಸಂಖ್ಯೆ ಕೇಳಿ, ಅದನ್ನು ಸೆಬಿ ಜಾಲತಾಣದಲ್ಲಿ ತಾಳೆ ನೋಡಿ. ಲೆಕ್ಕಪರಿಶೋಧಕರು ಸಹಿ ಮಾಡಿದ ಪ್ರಮಾಣಪತ್ರದ ಮೇಲೆ 18 ಅಂಕಿ-ಅಕ್ಷರಗಳ ಯುಡಿಐಎನ್ ಇರುತ್ತದೆ. 2019ರಿಂದ ಕಡ್ಡಾಯವಾಗಿರುವ ಈ ಸಂಖ್ಯೆಯನ್ನು ಯಾರು ಬೇಕಾದರೂ ಪರೀಕ್ಷಿಸಬಹುದು. ವಿಡಿಯೊದಲ್ಲಿ ಕೇಳಿದ ತೆರಿಗೆ ಸಲಹೆ ಯಾವ ಕಲಮಿನಲ್ಲಿದೆ, ಯಾವ ವರ್ಷದ್ದು ಎಂದು ವಿಚಾರಿಸದೆ ಕಿರ್ದಿ-ಖತಾವಣಿಯಲ್ಲಿ ಒಂದು ಅಕ್ಷರವನ್ನೂ ಬದಲಿಸಬೇಡಿ.

ನನ್ನ ಸಹವೃತ್ತಿಗಳಿಗೂ ಒಂದು ವಿನಂತಿ. ತಿಂಗಳಿಗೆ ಎರಡು ಬಾರಿಯಾದರೂ ಒಂದೇ ವಿಷಯವನ್ನೆತ್ತಿಕೊಂಡು, ಅಂಗಡಿಯವರಿಗೆ ಅರ್ಥವಾಗುವ ಕನ್ನಡದಲ್ಲಿ ಮಾತನಾಡೋಣ. ಗಿರಾಕಿಯ ಲೆಕ್ಕವನ್ನು ಹೆಸರು ಮರೆಮಾಚಿಯೂ ಉದಾಹರಣೆಗೆ ಬಳಸುವ ಮುನ್ನ ಅವರ ಒಪ್ಪಿಗೆ ಪಡೆಯೋಣ. ಈ ಬರಹದ ಕಿರಾಣಿ ವ್ಯಾಪಾರಿಯ ಒಪ್ಪಿಗೆಯನ್ನು ನಾನು ಪಡೆದಿದ್ದೇನೆ. ತಪ್ಪು ಹೇಳಿದರೆ ಅಷ್ಟೇ ಬಹಿರಂಗವಾಗಿ ತಿದ್ದಿಕೊಳ್ಳೋಣ. ಸದ್ಯದ ಕೆಲಸದ ಒತ್ತಡದಲ್ಲಿ ಇದಕ್ಕೆ ಸಮಯವೆಲ್ಲಿ ಎನ್ನುವವರಿದ್ದಾರೆ; ಹಬ್ಬಿದ ಸುಳ್ಳನ್ನು ಒಬ್ಬೊಬ್ಬ ಗಿರಾಕಿಗೂ ಬಿಡಿಸಿ ಹೇಳಲು ತಗಲುವ ಸಮಯ ಇದರ ಹತ್ತರಷ್ಟು.

ಈ ಕೆಲಸಕ್ಕೆ ನಮ್ಮ ವಾಣಿಜ್ಯ ಸಂಸ್ಥೆಯೇ ವೇದಿಕೆಯಾಗಬೇಕೆಂಬುದು ನನ್ನ ಸಲಹೆ. ಸದಸ್ಯರಿಂದ ಪ್ರಶ್ನೆ ಪಡೆದು, ಲೆಕ್ಕಪರಿಶೋಧಕರು ಸರದಿಯಂತೆ ಉತ್ತರಿಸಿ, ಸಂಸ್ಥೆಯ ಹೆಸರಿನಲ್ಲೇ ಅದನ್ನು ಜಾಲತಾಣಗಳಲ್ಲಿ ಹಂಚಬಹುದು. ಯಾವ ಫರ್ಮಿಗೂ ಪ್ರಚಾರವಿಲ್ಲ, ಎಲ್ಲ ವರ್ತಕರಿಗೂ ಪ್ರಯೋಜನ. ಸರ್ವಜ್ಞನ ಹುಟ್ಟೂರೆಂದು ಪ್ರತೀತಿ ಇರುವ ಅಬಲೂರಿನ ನೆಲದಲ್ಲಿ, ಊರೂರು ತಿರುಗಿ ನಾಲ್ಕು ಜನಕ್ಕೆ ತಿಳಿಯುವ ಮಾತಿನಲ್ಲಿ ಬುದ್ಧಿ ಹೇಳುವುದು ಹೊಸತೇನಲ್ಲ. ಮುಂದಿನ ಬಾರಿ ಆ ವ್ಯಾಪಾರಿ ಅದೇ ಪ್ರಶ್ನೆಯನ್ನು ನನಗೆ ಕೇಳುವಂತಾಗಬಾರದು.