ಗಾಲಿಯ ಡಿಸೈನ್ ಆಮೇಲೆ ನೋಡುವ

ಶಾಲೆಯ ಗೇಟಿನ ಎದುರು ದೊಡ್ಡ ಗಾಲಿಯ ಜೀಪೊಂದು ಬಂದು ನಿಂತರೆ ನೀವೆಲ್ಲ ಏನು ಮಾಡುತ್ತೀರಿ ಎಂದು ನನಗೆ ಗೊತ್ತುಂಟು. ಗಂಟೆ ಬಾರಿಸಿದ್ದೂ ನಿಮ್ಮ ಕಿವಿಗೆ ಬೀಳುವುದಿಲ್ಲ. ಅಗಲದ ಟಯರು, ಮಡ್‌ಗಾರ್ಡಿನಿಂದ ಹೊರಗೆ ಚಾಚಿದ ಕಪ್ಪು ಅಲಾಯ್ ವೀಲು, ನಟ್ಟುಗಳಿಗೆ ಕೆಂಪು ಬಣ್ಣ. ನಾನೂ ನಿಂತು ನೋಡುತ್ತೇನೆ, ಸುಳ್ಳು ಯಾಕೆ ಹೇಳಲಿ. ಆದರೆ ನನ್ನ ಅಭಿಪ್ರಾಯ ಕೇಳಿದರೆ, ಹಾಗೆ ಗಾಲಿ ಬದಲಿಸುವವರಲ್ಲಿ ಹೆಚ್ಚಿನವರು ಕೈಯಿಂದ ದುಡ್ಡು ಕೊಟ್ಟು ಗಾಡಿ ಕೆಡಿಸಿಕೊಳ್ಳುತ್ತಾರೆ. ಅದನ್ನು ಕಂಡುಹಿಡಿಯಲು ಮೆಕ್ಯಾನಿಕ್ ಆಗಬೇಕೆಂದಿಲ್ಲ. ಸನ್ನೆ, ಒತ್ತಡ, ವೃತ್ತದ ಪರಿಧಿ, ಇಷ್ಟು ಗೊತ್ತಿದ್ದರೆ ಸಾಕು.

ಗಲ್ಫಿನಿಂದ ಬಂದ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಮಳೆಗಾಲಕ್ಕೆ ಮೊದಲು ಒಂದು ಜಿಮ್ನಿ ಕೊಂಡ. ಮನೆ ಗುಡ್ಡೆಯ ಮೇಲೆ. ಮುರಕಲ್ಲಿನ ಚಡಾವು, ನಡುವೆ ಒಂದು ತೋಡು, ಮಳೆ ಬಂದರೆ ದಾರಿಯೇ ತೋಡು. ಅಕ್ಕನ ಮಕ್ಕಳನ್ನೂ ನೆರೆಮನೆಯ ಇಬ್ಬರನ್ನೂ ಶಾಲೆಗೆ ಬಿಡುವುದು ಅವನೇ. ಒಂದು ದಿನ ಗಾಡಿಗೆ ಹೊಸ ಗಾಲಿ ಹಾಕಿಸಿಕೊಂಡು ಬಂದು, "ಹೇಗುಂಟು ಮಾಷ್ಟ್ರೇ?" ಎಂದು ಕೇಳಿದ. ಚಂದ ಉಂಟು ಅಂದೆ. ಎರಡು ತಿಂಗಳಾಗುವಾಗ ಸ್ಟೇರಿಂಗ್ ನಡುಗಲು ಸುರುವಾಯಿತು, ಕೆಸರು ಬಾಗಿಲಿಗೆಲ್ಲ ಎರಚತೊಡಗಿತು, ಪೂರ್ತಿ ತಿರುಗಿಸಿದರೆ ಟಯರು ಒಳಗೆ ಉಜ್ಜುವ ಸದ್ದು. ಒಂದು ಬೆಳಿಗ್ಗೆ ಮಕ್ಕಳನ್ನು ಇಳಿಸಿ ನೋಡುವಾಗ ಎದುರಿನ ಎಡಗಾಲಿಯ ಐದು ನಟ್ಟುಗಳಲ್ಲಿ ಎರಡು ಕೈಯಲ್ಲೇ ತಿರುಗುತ್ತಿದ್ದವು. ಇಳಿಜಾರಿನಲ್ಲಿ ಆ ಗಾಲಿ ಕಳಚಿದ್ದರೆ ಏನಾಗುತ್ತಿತ್ತು ಎಂದು ಅವನೂ ಹೇಳಲಿಲ್ಲ, ನಾನೂ ಕೇಳಲಿಲ್ಲ.

ಅಂಗಡಿಯಲ್ಲಿ ಏನು ಕೇಳಿದರು ಎಂದು ವಿಚಾರಿಸಿದೆ. "ಯಾವ ಡಿಸೈನ್ ಬೇಕು ಅಂತ ಕೇಳಿದ್ರು, ಅಷ್ಟೇ." ಎಷ್ಟು ಜನ ಹತ್ತುತ್ತಾರೆ, ಎಂಥ ದಾರಿ ಎಂದು ಯಾರೂ ಕೇಳಲಿಲ್ಲ. ಆ ದಿನ ಸಂಜೆ ನಾವಿಬ್ಬರೂ ಗಾಲಿಯ ಹಿಂಬದಿಗೆ ಟಾರ್ಚ್ ಹಿಡಿದು ಅಲ್ಲಿ ಕೊರೆದಿದ್ದ ಅಂಕಿಗಳನ್ನು ಓದಿದೆವು.

ಮೊದಲನೆಯದು ಆಫ್‌ಸೆಟ್. ಗಾಲಿಯ ಅಗಲದ ಸರಿ ಮಧ್ಯಕ್ಕೆ ಒಂದು ಗೆರೆ ಎಳೆಯಿರಿ. ನಟ್ಟು ಬಿಗಿಯುವ ಚಪ್ಪಟೆ ಮುಖ ಆ ಗೆರೆಯಿಂದ ಎಷ್ಟು ಮಿಲಿಮೀಟರ್ ದೂರ ಎನ್ನುವುದೇ ಆಫ್‌ಸೆಟ್. ಮುಖ ಹೊರಬದಿಗಿದ್ದರೆ ಪ್ಲಸ್, ಒಳಬದಿಗಿದ್ದರೆ ಮೈನಸ್. ಜಿಮ್ನಿಯ ಕಂಪೆನಿ ಗಾಲಿ 15 ಇಂಚು ವ್ಯಾಸ, 5.5 ಇಂಚು ಅಗಲ, ಆಫ್‌ಸೆಟ್ ಪ್ಲಸ್ 5. ಇವನು ಹಾಕಿಸಿದ್ದು 7 ಇಂಚು ಅಗಲ, ಮೈನಸ್ 20. ಅಂದರೆ ಗಾಲಿಯ ನಡುಗೆರೆಯೇ 25 ಮಿ.ಮೀ. ಹೊರಗೆ ಹೋಯಿತು. ಅಗಲ ಒಂದೂವರೆ ಇಂಚು ಹೆಚ್ಚಾದದ್ದರಲ್ಲಿ ಅರ್ಧ, ಸುಮಾರು 19 ಮಿ.ಮೀ., ಹೊರಬದಿಗೆ ಸೇರಿತು. ಒಟ್ಟು 44 ಮಿ.ಮೀ. ಹೊರಗೆ! ಕೆಸರು ಬಾಗಿಲಿಗೆ ಹಾರಿದ್ದು ಸುಮ್ಮನೆ ಅಲ್ಲ.

ಕೆಸರು ತೊಳೆದರೆ ಹೋಗುತ್ತದೆ, ಬೇರಿಂಗಿನ ಕತೆ ಹಾಗಲ್ಲ. ಪುಸ್ತಕದ ಚೀಲವನ್ನು ಮೈಗೆ ಒತ್ತಿ ಹಿಡಿಯಿರಿ. ಈಗ ಅದನ್ನೇ ಕೈ ಚಾಚಿ ಹಿಡಿಯಿರಿ. ಚೀಲದ ತೂಕ ಅಷ್ಟೇ, ಆದರೆ ಭುಜ ಅಳುತ್ತದೆ. ಸನ್ನೆಯ ತೋಳು ಉದ್ದವಾಯಿತು, ತಿರುಗಿಸುವ ಪ್ರಭಾವ ಹೆಚ್ಚಾಯಿತು. ನೆಲ ಟಯರನ್ನು ಮೇಲಕ್ಕೆ ಒತ್ತುವ ಬಲ ಈಗ ಬೇರಿಂಗಿನಿಂದ 25 ಮಿ.ಮೀ. ಹೆಚ್ಚು ದೂರದಲ್ಲಿ ಬೀಳುತ್ತದೆ, ಅದೂ ಪ್ರತಿ ಹೊಂಡದಲ್ಲಿ. ಸ್ಟೇರಿಂಗಿನ ಕತೆಯೂ ಇದೇ. ಎದುರಿನ ಗಾಲಿ ಯಾವ ಅಕ್ಷದ ಸುತ್ತ ತಿರುಗುತ್ತದೋ ಆ ಅಕ್ಷದಿಂದ ಟಯರಿನ ನಡು ದೂರ ಹೋದಷ್ಟೂ ಒಂದೊಂದು ಕಲ್ಲೂ ಸ್ಟೇರಿಂಗನ್ನು ಕೈಯಿಂದ ಕಿತ್ತುಕೊಳ್ಳಲು ನೋಡುತ್ತದೆ.

ನಟ್ಟು ಸಡಿಲಾದದ್ದು ಯಾಕೆ? ಜಿಮ್ನಿಯ ಗಾಲಿಯ ನಡುವಿನ ತೂತು 108 ಮಿ.ಮೀ., ಹಬ್ಬಿನ ಮೇಲೆ ಸರಿಯಾಗಿ ಕೂರುವಂಥದ್ದು. ಹೊಸ ಗಾಲಿಯ ತೂತು 110. ಸುತ್ತ ಒಂದೊಂದು ಮಿಲಿಮೀಟರ್ ಸಂದು. ಅಂಥ ಗಾಲಿಯನ್ನು ನಡುವಿಗೆ ಸರಿಯಾಗಿ ಕೂರಿಸುವ ಕೆಲಸ ಪೂರ್ತಿ ನಟ್ಟುಗಳದ್ದೇ. ಅದಕ್ಕೆ ನಕ್ಷತ್ರ ಬಿಡಿಸುವ ಹಾಗೆ ಒಂದು ಬಿಟ್ಟು ಒಂದನ್ನು ಬಿಗಿಯಬೇಕು. ಹೊಸ ಅಲಾಯ್ ಹಾಕಿ 50ರಿಂದ 100 ಕಿಲೋಮೀಟರ್ ಓಡಿದ ಮೇಲೆ ಮತ್ತೊಮ್ಮೆ ಬಿಗಿಯಬೇಕು, ಯಾಕೆಂದರೆ ಬಣ್ಣ ಮತ್ತು ಲೋಹ ಒತ್ತಿ ಕುಳಿತು ನಟ್ಟಿನ ಹಿಡಿತ ಕಡಿಮೆಯಾಗುತ್ತದೆ. ಈ ಒಂದು ಮಾತು ಅಂಗಡಿಯವರು ಹೇಳಿದ್ದರೆ ಸಾಕಿತ್ತು. ನನಗೆ ಸಿಟ್ಟು ಬಂದದ್ದು ಅಲ್ಲೇ.

ನಟ್ಟುಗಳ ಅಳತೆ ನೀವೇ ತೆಗೆಯಬಹುದು. ಐದು ಬೋಲ್ಟುಗಳ ನಡುಬಿಂದುಗಳನ್ನು ಸೇರಿಸುವ ವೃತ್ತದ ವ್ಯಾಸಕ್ಕೆ ಪಿಸಿಡಿ ಎನ್ನುತ್ತಾರೆ. ಜಿಮ್ನಿಗೆ ಅದು 139.7 ಮಿ.ಮೀ., ಐದೂವರೆ ಇಂಚು. ಎರಡನೆಯ ಮಹಾಯುದ್ಧದ ವಿಲ್ಲೀಸ್ ಜೀಪಿಗೂ ನಮ್ಮ ಹಳೆಯ ಜಿಪ್ಸಿಗೂ ಇದೇ ಅಳತೆ. ಐದು ಬೋಲ್ಟು ಇರುವಾಗ ಒಂದರ ಎದುರು ಇನ್ನೊಂದು ಬರುವುದಿಲ್ಲವಲ್ಲ, ವ್ಯಾಸ ಅಳೆಯುವುದು ಹೇಗೆ? ಪಕ್ಕಪಕ್ಕದ ಎರಡರ ನಡುವಿನ ದೂರ ಅಳೆದು 1.701ರಿಂದ ಗುಣಿಸಿ. ಸ್ಕೇಲಿನಲ್ಲಿ 82 ಮಿ.ಮೀ. ಬಂದರೆ ಲೆಕ್ಕ ಸರಿ. 1.701 ಎಲ್ಲಿಂದ ಬಂತು ಎಂದು ಹತ್ತನೆಯವರು ಯೋಚಿಸಿ, 36 ಡಿಗ್ರಿಯ ಸೈನ್ ತೆಗೆದು ನೋಡಿ.

ಇನ್ನು ಗಾಲಿಯ ಗಾತ್ರ. ಅಂಗಡಿಯಲ್ಲಿ ಮೊದಲು ತೋರಿಸಿದ್ದು 18 ಇಂಚಿನದ್ದಂತೆ. ಪುಣ್ಯಕ್ಕೆ ಇವನ ಕಿಸೆಗೆ ಅದು ಎಟುಕಲಿಲ್ಲ. ಟಯರಿನ ಮೇಲೆ 195/80 ಆರ್ 15 ಎಂದಿದ್ದರೆ ಅಗಲ 195 ಮಿ.ಮೀ., ಗೋಡೆಯ ಎತ್ತರ ಅದರ ಶೇಕಡಾ 80, ಅಂದರೆ 156 ಮಿ.ಮೀ., ಒಳಗಿನ ರಿಮ್ 15 ಇಂಚು. 15 ಇಂಚು ಎಂದರೆ 381 ಮಿ.ಮೀ., ಎರಡು ಗೋಡೆ ಸೇರಿ 312, ಒಟ್ಟು ವ್ಯಾಸ 693. ಈಗ 18 ಇಂಚಿನ ರಿಮ್ಮಿಗೆ 225/55 ಟಯರು ಹಾಕಿ ಲೆಕ್ಕ ಮಾಡಿ. ವ್ಯಾಸ ಸುಮಾರು 705. ಗಾಲಿ ದೊಡ್ಡದಾದದ್ದು ಒಂದು ಸೆಂಟಿಮೀಟರ್ ಮಾತ್ರ, ಆದರೆ ರಬ್ಬರಿನ ಗೋಡೆ 156ರಿಂದ 124ಕ್ಕೆ ಇಳಿಯಿತು. ರಸ್ತೆಯಲ್ಲದ ದಾರಿಯಲ್ಲಿ ನಮ್ಮನ್ನು ಕಾಯುವುದು ಆ ಗೋಡೆಯೇ. ಕಲ್ಲು ಬಡಿದಾಗ ಅದು ಮಡಚಿ ರಿಮ್ಮನ್ನು ಉಳಿಸುತ್ತದೆ.

ಗೋಡೆ ಎತ್ತರ ಇದ್ದರೆ ಇನ್ನೊಂದು ಉಪಕಾರ. ಕೆಸರಿನಲ್ಲಿ, ಮರಳಿನಲ್ಲಿ ಗಾಳಿ ಸ್ವಲ್ಪ ಬಿಡಬಹುದು. ಒಂದು ಗಾಲಿಯ ಮೇಲೆ 350 ಕಿಲೋ ಭಾರ, ಒಳಗಿನ ಒತ್ತಡ ಚದರ ಸೆಂಟಿಮೀಟರಿಗೆ 2 ಕಿಲೋ ಎಂದಿಟ್ಟುಕೊಳ್ಳಿ. ನೆಲಕ್ಕೆ ತಾಗುವ ಜಾಗ ಹೆಚ್ಚುಕಡಿಮೆ 175 ಚದರ ಸೆಂಟಿಮೀಟರ್. ಒತ್ತಡ 1.2ಕ್ಕೆ ಇಳಿಸಿದರೆ 290ರ ಹತ್ತಿರ. ಒಂಟೆಯ ಪಾದದ ಪಾಠ ನೆನಪಾಯಿತಲ್ಲ? ಡಾಮರು ರಸ್ತೆಗೆ ಬಂದ ಕೂಡಲೇ ಗಾಳಿ ತುಂಬಿಸಬೇಕು, ಇಲ್ಲವಾದರೆ ಟಯರು ಬಿಸಿಯಾಗಿ ಹಾಳಾಗುತ್ತದೆ.

ಇವನು ಹಾಕಿಸಿದ 235/75 ಟಯರಿನ ವ್ಯಾಸ 733 ಮಿ.ಮೀ. ಬರುತ್ತದೆ. ಗಾಡಿ 20 ಮಿ.ಮೀ. ಎತ್ತರವಾಯಿತು, ಅದು ಲಾಭವೇ. ಆದರೆ ಮೀಟರು 60 ತೋರಿಸುವಾಗ ಗಾಡಿ ಮೊದಲು ಓಡುತ್ತಿದ್ದುದಕ್ಕಿಂತ ಸುಮಾರು ಶೇಕಡಾ 6 ಹೆಚ್ಚು ಓಡುತ್ತದೆ. ತ್ರಿಜ್ಯ ಹೆಚ್ಚಾದ ಕಾರಣ ಚಡಾವಿನಲ್ಲಿ ಎಳೆಯುವ ಬಲ ಶೇಕಡಾ 5ರಷ್ಟು ಕಡಿಮೆ. ಟಯರಿನ ಹೊರ ಅಂಚಿನಲ್ಲಿ ಸೇರಿದ ಒಂದು ಕಿಲೋ, ವೇಗ ಹೆಚ್ಚಿಸುವಾಗಲೂ ಬ್ರೇಕ್ ಹಾಕುವಾಗಲೂ ಹೆಚ್ಚುಕಡಿಮೆ ಎರಡು ಕಿಲೋದಂತೆ ವರ್ತಿಸುತ್ತದೆ. ಅದು ಗಾಡಿಯ ಜೊತೆ ಮುಂದಕ್ಕೂ ಹೋಗಬೇಕು, ಗಿರಗಿರನೆ ತಿರುಗಲೂ ಬೇಕು. ಸ್ಟೆಪ್ನಿಯನ್ನೂ ಮರೆಯಬೇಡಿ, ಜಿಮ್ನಿಯಲ್ಲಿ ಅದು ನೇತಾಡುವುದು ಹಿಂದಿನ ಬಾಗಿಲಿಗೆ.

ಕಬ್ಬಿಣವೋ ಅಲಾಯೋ? ಇಲ್ಲಿ ನನ್ನದು ಪಕ್ಷಪಾತ. ಉಕ್ಕಿನ ಡಿಸ್ಕ್ ಬಡಿದರೆ ಬಗ್ಗುತ್ತದೆ, ಪಂಕ್ಚರ್ ಅಂಗಡಿಯವ ಸುತ್ತಿಗೆಯಲ್ಲಿ ಕುಟ್ಟಿ ಮನೆಯವರೆಗೆ ಮುಟ್ಟಿಸುತ್ತಾನೆ. ಎರಕದ ಅಲ್ಯೂಮಿನಿಯಂ ಅಲಾಯ್ ಹಗುರ, ನಿಜ. ಆದರೆ ಜೋರಾಗಿ ಬಡಿದರೆ ಬಿರುಕು ಬಿಡುತ್ತದೆ. ಬಿರುಕಿಗೆ ವೆಲ್ಡಿಂಗ್ ಮಾಡಿ ಬಣ್ಣ ಬಳಿದು ಮಾರುವುದೂ ಉಂಟು, ಅದನ್ನು ಮುಟ್ಟಲೇಬೇಡಿ. ಅಲಾಯೇ ಬೇಕೆಂದರೆ ಹಿಂಬದಿಯಲ್ಲಿ ಅದು ಹೊರುವ ಗರಿಷ್ಠ ಭಾರ ಕೊರೆದಿದೆಯೇ, ಜಪಾನಿನ ಜೆ.ಡಬ್ಲ್ಯು.ಎಲ್. ಗುರುತಿನಂಥ ಪರೀಕ್ಷೆಯ ಮುದ್ರೆ ಇದೆಯೇ ನೋಡಿ. ಜನ, ಸಾಮಾನು ಎಲ್ಲ ಸೇರಿದ ತೂಕದ ಕಾಲುಭಾಗಕ್ಕಿಂತ ಆ ಅಂಕಿ ಸಾಕಷ್ಟು ಹೆಚ್ಚಿರಬೇಕು. ಗಾಡಿ ವಾಲಿದಾಗ ಭಾರ ನಾಲ್ಕು ಗಾಲಿಗೆ ಸಮ ಹಂಚಿಕೆಯಾಗುವುದಿಲ್ಲ.

ಕಾನೂನೂ ಉಂಟು. ಕಂಪೆನಿ ಕೊಟ್ಟ ವಿವರಕ್ಕೆ ವಿರುದ್ಧವಾಗಿ ಗಾಡಿಯನ್ನು ಮಾರ್ಪಡಿಸಬಾರದು ಎನ್ನುತ್ತದೆ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್. ಅದನ್ನು ಬಿಗಿಯಾಗಿ ಓದಿದ ಸುಪ್ರೀಂ ಕೋರ್ಟಿನ 2019ರ ತೀರ್ಪು ಬಂದದ್ದು ನಮ್ಮ ಕೇರಳದಿಂದ ಹೋದ ಪ್ರಕರಣದಲ್ಲೇ. ಆದರೆ ಪೊಲೀಸರ ಹೆದರಿಕೆಗಿಂತ ಆ ಎರಡು ನಟ್ಟುಗಳ ನೆನಪೇ ನನಗೆ ದೊಡ್ಡದು.

"ಹಾಗಾದರೆ ಚಂದ ಬೇಡವಾ ಮಾಷ್ಟ್ರೇ?" ಎಂದು ನೀವು ಕೇಳುತ್ತೀರಿ. ಬೇಕು. ನಿಮ್ಮ ಮನೆಯಲ್ಲಿ ಅಣ್ಣನೋ ಮಾವನೋ ಗಾಲಿ ಬದಲಿಸಲು ಹೊರಟರೆ ಸ್ಕೇಲು ಹಿಡಿದು ಜೊತೆಗೆ ಹೋಗಿ. ಪಿಸಿಡಿ, ನಡುವಿನ ತೂತು, ಆಫ್‌ಸೆಟ್, ಭಾರ, ಈ ನಾಲ್ಕನ್ನು ಕೇಳಿ. ನಾಲ್ಕೂ ಸರಿ ಬಂದ ಮೇಲೆ ಯಾವ ಡಿಸೈನ್ ಬೇಕಾದರೂ ಆರಿಸಲಿ. ದಾರಿ ಕಷ್ಟದ್ದಾದರೆ ರಿಮ್ ಹಾಗೇ ಇಟ್ಟು ಆ ದುಡ್ಡಿಗೆ ಒಳ್ಳೆಯ ಹಲ್ಲಿನ ಟಯರು ಕೊಂಡರೆ ಇನ್ನೂ ಒಳ್ಳೆಯದು.

ನನ್ನ ವಿದ್ಯಾರ್ಥಿ ಕಂಪೆನಿಯ ಡಿಸ್ಕುಗಳನ್ನು ಅದೇ ಅಂಗಡಿಗೆ ಮಾರಿಬಿಟ್ಟಿದ್ದ. ಹೋಗಿ, ಮಾರಿದ್ದಕ್ಕಿಂತ ಹೆಚ್ಚು ಕೊಟ್ಟು ಹಿಂದೆ ತಂದ. ಒಂದು ಆದಿತ್ಯವಾರ ಐದಕ್ಕೂ ತಾನೇ ಬಿಳಿ ಬಣ್ಣ ಹೊಡೆದ. ಸ್ಟೆಪ್ನಿಯಲ್ಲಿ ಬಣ್ಣ ಒಂದು ಕಡೆ ಸೋರಿ ಗಟ್ಟಿಯಾಗಿದೆ, ಹಿಂದಿನಿಂದ ಬರುವವರಿಗೆಲ್ಲ ಕಾಣುತ್ತದೆ. ಮಕ್ಕಳು ಅದೇ ಗಾಡಿಯಲ್ಲಿ ಬರುತ್ತಿದ್ದಾರೆ.