ಉತ್ತರ ತಪ್ಪಿಸಿದ ಗಡಿಯಾರ

ಒಂದರಿಂದ ಹತ್ತು ಕೋಟಿಯವರೆಗೆ ಅವಿಭಾಜ್ಯ ಸಂಖ್ಯೆಗಳು ಎಷ್ಟಿವೆ? ಸರಿಯಾಗಿ 57,61,455. ಈ ಉತ್ತರ ಬೇಸಿಗೆಯಲ್ಲಿ ಒಂದು, ಚಳಿಗಾಲದಲ್ಲಿ ಇನ್ನೊಂದು ಎಂದು ಬದಲಾಗುವಂಥದ್ದಲ್ಲ. ಆದರೆ ಧಾರವಾಡದ ಕೆಲಗೇರಿಯ ಒಂದು ಮನೆಯಲ್ಲಿ ಬದಲಾಯಿತು.

ಪಿಯುಸಿ ಪರೀಕ್ಷೆ ಮುಗಿಸಿ ರಜೆಯಲ್ಲಿದ್ದ ಹುಡುಗ ಈ ಲೆಕ್ಕಕ್ಕೊಂದು ಪ್ರೋಗ್ರಾಂ ಬರೆದಿದ್ದ. ಏಪ್ರಿಲ್ ತಿಂಗಳ ಬೆಳಿಗ್ಗೆ ಅದು ಸರಿಯಾದ ಉತ್ತರ ಕೊಟ್ಟಿತು. ಮಧ್ಯಾಹ್ನ ಎರಡು ಸಂಖ್ಯೆ ಕಡಿಮೆ ಹೇಳಿತು. ಮತ್ತೊಮ್ಮೆ ನಡೆಸಿದಾಗ ಪರದೆ ನೀಲಿಯಾಗಿ ಕಂಪ್ಯೂಟರ್ ತಾನೇ ಆರಿ ಹೊತ್ತಿಕೊಂಡಿತು. ಹುಡುಗ ಎರಡು ದಿನ ತನ್ನ ಪ್ರೋಗ್ರಾಂನಲ್ಲೇ ತಪ್ಪು ಹುಡುಕಿದ. ತಂದೆಗೆ ಕರೆಂಟಿನ ಮೇಲೆ ಅನುಮಾನ. ಅಂಗಡಿಯವನು ಪೆಟ್ಟಿಗೆ ಬಿಚ್ಚಿಯೂ ನೋಡದೆ, ಮದರ್‌ಬೋರ್ಡ್ ಬದಲಿಸಬೇಕಾದೀತು ಎಂದ. ಸಾಲ ಮಾಡಿ ತಂದ ಕಂಪ್ಯೂಟರ್ ಅದು.

"ಏನರ ಮಾಡೀಯೇನೋ ಅದಕ್ಕ?" ಎಂದು ತಂದೆ ಕೇಳಿದರು.

"ಡಿಸೆಂಬರ್‌ದಾಗ ಸ್ವಲ್ಪ ಸ್ಪೀಡ್ ಹೆಚ್ಚ ಮಾಡಿದ್ದೆ ಅಪ್ಪಾ. ಇಷ್ಟು ದಿನಾ ಛಲೋ ನಡದಿತ್ತು."

ರೋಗದ ಮೂಲ ಅಲ್ಲಿತ್ತು. ಪ್ರೊಸೆಸರ್‌ನೊಳಗಿನ ಕೆಲಸವೆಲ್ಲ ಒಂದು ಗಡಿಯಾರದ ಬಡಿತಕ್ಕೆ ತಕ್ಕಂತೆ ನಡೆಯುತ್ತದೆ. ಮೂಲ ಬಡಿತ ಸೆಕೆಂಡಿಗೆ ಹತ್ತು ಕೋಟಿ, ಅಂದರೆ 100 ಮೆಗಾಹರ್ಟ್ಸ್. ಅದನ್ನು 40ರಿಂದ ಗುಣಿಸಿದರೆ 4000 ಮೆಗಾಹರ್ಟ್ಸ್. ಹುಡುಗ ಈ ಗುಣಕವನ್ನು 46ಕ್ಕೆ ಏರಿಸಿದ್ದ. ಇದನ್ನೇ ಓವರ್‌ಕ್ಲಾಕಿಂಗ್ ಎನ್ನುತ್ತಾರೆ. ಇದು ಇಂದಿನ ಹುಡುಗರ ಹೊಸ ಚಪಲವೇನಲ್ಲ. 1998ರಲ್ಲಿ ಬಂದ ಇಂಟೆಲ್‌ನ ಸೆಲೆರಾನ್ 300ಎ ಎಂಬ ಅಗ್ಗದ ಪ್ರೊಸೆಸರ್‌ನ ಗುಣಕ 4.5, ಮೂಲ ಬಡಿತವನ್ನು 66ರಿಂದ 100ಕ್ಕೆ ಏರಿಸಿದರೆ 300ರದ್ದು 450 ಆಗುತ್ತಿತ್ತು. ಎಷ್ಟೋ ಜನರಿಗೆ ಅದು ತೊಂದರೆಯಿಲ್ಲದೆ ನಡೆಯಿತು. ಈಗಿನ ತಯಾರಕರು ಅಷ್ಟು ಸಡಿಲ ಬಿಡುವುದಿಲ್ಲ. ಇಂದಿನ ಪ್ರೊಸೆಸರ್‌ಗಳು ಬಿಸಿ ನೋಡಿಕೊಂಡು ತಾವೇ ವೇಗ ಏರಿಸಿಕೊಳ್ಳುತ್ತವೆ. ನಮಗೆ ಉಳಿಯುವುದು ಅಂಚಿನ ಒಂದಿಷ್ಟು ಮಾತ್ರ.

ವೇಗಕ್ಕೆ ಮಿತಿ ಏಕೆ? ಕೆರೆಯಿಂದ ಸಾಲಾಗಿ ನಿಂತು ನೀರಿನ ಕೊಡ ದಾಟಿಸುವ ಮಕ್ಕಳನ್ನು ನೆನೆಯಿರಿ. ಮಾಸ್ತರರು ಒಮ್ಮೆ ಸೀಟಿ ಊದಿದರೆ ಕೊಡ ಒಂದು ಕೈ ಮುಂದೆ ಹೋಗಬೇಕು. ಸೀಟಿ ಬೇಗಬೇಗ ಊದಿದರೆ ಸಾಲಿನಲ್ಲಿ ಅತಿ ನಿಧಾನದ ಹುಡುಗನ ಕೈಗೆ ಕೊಡ ಸೇರುವ ಮೊದಲೇ ಮುಂದಿನ ಸೀಟಿ ಕೇಳುತ್ತದೆ. ಉಳಿದವರೆಲ್ಲ ಎಷ್ಟೇ ಚುರುಕಾಗಿದ್ದರೂ ಪ್ರಯೋಜನವಿಲ್ಲ. 4000 ಮೆಗಾಹರ್ಟ್ಸ್‌ನಲ್ಲಿ ಎರಡು ಸೀಟಿಗಳ ನಡುವಿನ ಅವಧಿಯಲ್ಲಿ ಬೆಳಕು ಕೂಡ ಏಳೂವರೆ ಸೆಂಟಿಮೀಟರ್ ಮಾತ್ರ ಸಾಗೀತು. ಆ ಅವಧಿಯಲ್ಲಿ ಟ್ರಾನ್ಸಿಸ್ಟರ್‌ಗಳ ಒಂದು ಉದ್ದ ಸಾಲು ತನ್ನ ಕೆಲಸ ಮುಗಿಸಬೇಕು. ಮುಗಿಸದಿದ್ದರೆ 1 ಇರಬೇಕಾದಲ್ಲಿ 0 ದಾಖಲಾಗುತ್ತದೆ.

ವೋಲ್ಟೇಜ್ ಏರಿಸಿದರೆ ಟ್ರಾನ್ಸಿಸ್ಟರ್ ಚುರುಕಾಗುವುದು ನಿಜ. ಹುಡುಗ ಅದನ್ನೂ ಮಾಡಿದ್ದ, 1.20ರಿಂದ 1.32ಕ್ಕೆ. ಆದರೆ ಚಿಪ್ಪಿನಲ್ಲಿ ಖರ್ಚಾಗುವ ಶಕ್ತಿ ವೇಗಕ್ಕೂ, ವೋಲ್ಟೇಜಿನ ವರ್ಗಕ್ಕೂ ಅನುಪಾತದಲ್ಲಿರುತ್ತದೆ. ವೇಗ ಶೇ 15 ಹೆಚ್ಚು, ವೋಲ್ಟೇಜ್ ಶೇ 10 ಹೆಚ್ಚು. 1.15ನ್ನು 1.1ರ ವರ್ಗದಿಂದ ಗುಣಿಸಿದರೆ 1.39. ಶೇ 15ರ ವೇಗಕ್ಕೆ ಶೇ 39ರಷ್ಟು ಹೆಚ್ಚಿನ ಬಿಸಿ! 90 ವಾಟ್ ಇದ್ದದ್ದು 125 ವಾಟ್ ಆಯಿತು.

ಇಲ್ಲಿ ಋತುವಿನ ಆಟ ಶುರುವಾಗುತ್ತದೆ. ಫ್ಯಾನ್ ಎಷ್ಟೇ ತಿರುಗಿದರೂ ಪ್ರೊಸೆಸರ್ ಕೋಣೆಗಿಂತ ತಣ್ಣಗಾಗದು. ಪ್ರತಿ ವಾಟಿಗೆ ಅರ್ಧ ಡಿಗ್ರಿ ಏರುತ್ತದೆ ಎಂದಿಟ್ಟುಕೊಳ್ಳಿ. 125 ವಾಟಿಗೆ ಕೋಣೆಗಿಂತ ಸುಮಾರು 62 ಡಿಗ್ರಿ ಹೆಚ್ಚು. ಡಿಸೆಂಬರಿನ ಸಂಜೆ ಕೋಣೆ 22 ಡಿಗ್ರಿ, ಪ್ರೊಸೆಸರ್ 84. ಏಪ್ರಿಲ್ ಮಧ್ಯಾಹ್ನ ಮಾಳಿಗೆಯ ಮೇಲಿನ ತಗಡಿನ ಕೋಣೆ 38, ಪ್ರೊಸೆಸರ್ 100! ಅನೇಕ ಪ್ರೊಸೆಸರ್‌ಗಳು ಆ ಮಟ್ಟದಲ್ಲಿ ತಾವೇ ವೇಗ ತಗ್ಗಿಸಿಕೊಳ್ಳುತ್ತವೆ. ಆದರೆ ಮೊದಲೇ ಅಂಚಿನಲ್ಲಿ ನಿಂತ ಚಿಪ್ಪು ಅಷ್ಟರೊಳಗೇ ಲೆಕ್ಕ ತಪ್ಪಿರುತ್ತದೆ. 2022ರ ಡಿಸೆಂಬರಿನಲ್ಲಿ ಪ್ರೊಸೆಸರ್ ಒಂದನ್ನು 9000 ಮೆಗಾಹರ್ಟ್ಸ್ ದಾಟಿಸಿದವರು ಮೈನಸ್ 196 ಡಿಗ್ರಿಯಲ್ಲಿ ಕುದಿಯುವ ದ್ರವ ನೈಟ್ರೋಜನ್ ಅಥವಾ ಅದಕ್ಕಿಂತಲೂ ತಣ್ಣಗಿನ ದ್ರವದಂಥ ಏರ್ಪಾಡುಗಳನ್ನು ನಂಬಿದವರು. ಅದು ಕೆಲಗೇರಿಯ ತಗಡಿನ ಕೋಣೆಯಲ್ಲಿ ಆಗುವ ಮಾತಲ್ಲ.

ಕಂಪ್ಯೂಟರ್ ನಿಂತುಹೋದರೆ ಯಾರಿಗಾದರೂ ತಿಳಿಯುತ್ತದೆ. ಸದ್ದಿಲ್ಲದೆ ತಪ್ಪು ಉತ್ತರ ಕೊಟ್ಟರೆ? 1994ರಲ್ಲಿ ಅಮೆರಿಕದ ಗಣಿತ ಪ್ರಾಧ್ಯಾಪಕ ಥಾಮಸ್ ನೈಸ್ಲಿ ಅವಿಭಾಜ್ಯ ಜೋಡಿಗಳ ಲೆಕ್ಕ ಮಾಡುತ್ತಿದ್ದಾಗ ಪೆಂಟಿಯಂ ಚಿಪ್ಪು ಭಾಗಾಕಾರ ತಪ್ಪುವುದನ್ನು ಕಂಡರು. ಅದು ವಿನ್ಯಾಸದ ದೋಷ, ಓವರ್‌ಕ್ಲಾಕಿಂಗ್ ಅಲ್ಲ. ಆದರೂ ಅದು ಬಯಲಾದದ್ದು ಒಬ್ಬರು ಉತ್ತರವನ್ನು ನಂಬದೆ ಮತ್ತೆ ತಾಳೆ ನೋಡಿದ್ದರಿಂದ.

ಕೆಲಗೇರಿಯ ಹುಡುಗನೂ ಹಾಗೆಯೇ ಮಾಡಿದ. ಮೊದಲು ಎಲ್ಲವನ್ನೂ ಕಾರ್ಖಾನೆಯ ಸ್ಥಿತಿಗೆ ತಂದ. (ಬಯಾಸ್‌ಗೆ ಹೋಗಲೂ ಆಗದಿದ್ದರೆ ಪ್ಲಗ್ ಕಿತ್ತು, ಮದರ್‌ಬೋರ್ಡಿನ ನಾಣ್ಯದಂಥ ಸೆಲ್ಲನ್ನು ಕೆಲವು ನಿಮಿಷ ತೆಗೆದಿಡುವುದು ರೂಢಿ.) ಮೆಮೊರಿಯ ವೇಗವನ್ನೂ ಇಳಿಸಿದ. ಅನೇಕರು ಮರೆಯುವುದು ಇದನ್ನೇ. ಮೆಮೊರಿಯ ತಪ್ಪಿಗೆ ಪ್ರೊಸೆಸರ್ ಬೈಸಿಕೊಳ್ಳುತ್ತದೆ. ಮೆಮ್‌ಟೆಸ್ಟ್86 ಅನ್ನು ರಾತ್ರಿಯಿಡೀ ನಡೆಸಿದ, ದೋಷವಿರಲಿಲ್ಲ. ಹೀಟ್‌ಸಿಂಕ್‌ನ ಸಂದುಗಳಲ್ಲಿ ಕೂತ ಧೂಳನ್ನು ಬ್ರಷ್‌ನಿಂದ ತೆಗೆದ. ಆಮೇಲೆ ಕಡು ಮಧ್ಯಾಹ್ನವನ್ನೇ ಆರಿಸಿಕೊಂಡು ಪ್ರೋಗ್ರಾಂ ನಡೆಸಿದ. ಅಷ್ಟೂ ಸಲ 57,61,455. ಮದರ್‌ಬೋರ್ಡಿನದು ತಪ್ಪಿರಲಿಲ್ಲ, ಪ್ರೋಗ್ರಾಂನದೂ ಅಲ್ಲ.

ಮುಂದಿನ ಕೆಲಸಕ್ಕೆ ಪ್ರಯೋಗಶಾಲೆಯ ಶಿಸ್ತು ಬೇಕಾಯಿತು. ಒಂದು ಸಲಕ್ಕೆ ಒಂದೇ ಬದಲಾವಣೆ. ವೋಲ್ಟೇಜ್ ಮುಟ್ಟಲಿಲ್ಲ, ಹೆಚ್ಚು ವೋಲ್ಟೇಜ್ ಮತ್ತು ಬಿಸಿ ಸೇರಿದರೆ ಚಿಪ್ಪಿನ ಸೂಕ್ಷ್ಮ ತಂತಿಗಳ ಲೋಹ ಕಾಲಕ್ರಮದಲ್ಲಿ ಸರಿದು ಸವೆಯುತ್ತದೆ, ಅದನ್ನು ಮರಳಿ ಪಡೆಯಲಾಗದು. ನೋಟ್‌ಬುಕ್ಕಿನಲ್ಲಿ ಗುಣಕ, ಕೋಣೆಯ ಉಷ್ಣತೆ, ಪ್ರೊಸೆಸರಿನ ಉಷ್ಣತೆ, ಉತ್ತರ ಎಂದು ನಾಲ್ಕು ಸಾಲು ಎಳೆದ. ತನ್ನ ಪ್ರೋಗ್ರಾಂ ಜೊತೆಗೆ ಪ್ರೈಮ್95 ಎಂಬ ಉಚಿತ ಪರೀಕ್ಷಾ ಪ್ರೋಗ್ರಾಂ ಕೂಡ ನಡೆಸಿದ. ದೈತ್ಯ ಅವಿಭಾಜ್ಯಗಳ ಶೋಧಕ್ಕಾಗಿ ಹುಟ್ಟಿದ ಇದು, ಉತ್ತರ ಮೊದಲೇ ಗೊತ್ತಿರುವ ಲೆಕ್ಕಗಳನ್ನು ಕೊಟ್ಟು ಪ್ರೊಸೆಸರನ್ನು ಪರೀಕ್ಷಿಸಬಲ್ಲದು. 45ರಲ್ಲಿ ಕೆಲವೇ ನಿಮಿಷಗಳಲ್ಲಿ ತಪ್ಪು. 44ರಲ್ಲಿ ಎರಡು ಗಂಟೆ ಸರಿಯಾಗಿ ನಡೆದು, ಮೂರನೆಯ ಗಂಟೆಯಲ್ಲಿ ಒಂದೇ ಒಂದು ತಪ್ಪು. 43ರಲ್ಲಿ ಬೆಳಗಿನಿಂದ ಸಂಜೆಯವರೆಗೆ ಒಂದೂ ಇಲ್ಲ.

ಪಾಲಕರು ಗಮನಿಸಬೇಕಾದದ್ದೊಂದಿದೆ. ಹೀಗೆ ವೇಗ ಏರಿಸಿ ಹಾಳಾದ ಪ್ರೊಸೆಸರಿಗೆ ತಯಾರಕರ ಗ್ಯಾರಂಟಿ ಸಾಮಾನ್ಯವಾಗಿ ಸಿಗುವುದಿಲ್ಲ. ಜೊತೆಗೆ ಗುಣಕ ಬದಲಿಸಲು ಎಲ್ಲ ಪ್ರೊಸೆಸರ್‌ಗಳೂ ಬಿಡುವುದಿಲ್ಲ; ಇಂಟೆಲ್‌ನಲ್ಲಿ ಹೆಚ್ಚಾಗಿ ಹೆಸರಿನ ಕೊನೆಗೆ 'ಕೆ' ಅಕ್ಷರವಿರುವ, ದುಬಾರಿಯಾದವು ಮಾತ್ರ.

ಹುಡುಗ 43ರಲ್ಲೇ ನಿಲ್ಲಿಸಿ, ಕಂಪ್ಯೂಟರನ್ನು ಕೆಳಗಿನ ಪಡಸಾಲೆಗೆ ಇಳಿಸಿದ. ಒಂದು ನಿಮಿಷ ಹಿಡಿಯುತ್ತಿದ್ದ ಲೆಕ್ಕ ಈಗ ಸುಮಾರು 56 ಸೆಕೆಂಡಿನಲ್ಲಿ ಮುಗಿಯುತ್ತದೆ. ತಂದೆ ನೋಟ್‌ಬುಕ್ ತಿರುವಿ ನೋಡಿ, "ನಾಕ್ ಸೆಕೆಂಡಿಗೆ ಇಷ್ಟೆಲ್ಲಾ ಮಾಡಿದ್ಯಾ?" ಎಂದರು. ಮದರ್‌ಬೋರ್ಡಿಗೆಂದು ತೆಗೆದಿಟ್ಟಿದ್ದ ಹಣ ಮರುದಿನ ಬ್ಯಾಂಕಿನ ಕಂತಿಗೆ ಹೋಯಿತು.